ಕಟ್ಟಡಗಳಲ್ಲಿ ಒತ್ತಡ ನೆರವಿನ ಶೌಚಾಲಯ: ಅನುಕೂಲಗಳು, ಷರತ್ತುಗಳು ಮತ್ತು ಆಯ್ಕೆಯ ಕ್ರಮ

(ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗಳು, ಪಂಚಾಯತ್ ರಾಜ್ ಇಂಜಿನಿಯರಿಂಗ್ ಉಪವಿಭಾಗಗಳ ಇಂಜಿನಿಯರುಗಳು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ವಿದ್ಯಾರ್ಥಿನಿಲಯಗಳ ಮೇಲ್ವಿಚಾರಕರು, ಮುಖ್ಯೋಪಾಧ್ಯಾಯರು ಹಾಗೂ ಆರೋಗ್ಯ ಕೇಂದ್ರಗಳ ಆಡಳಿತ ವೈದ್ಯಾಧಿಕಾರಿಗಳ ಮಾಹಿತಿಗಾಗಿ)

ಪೀಠಿಕೆ

2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ್ ಮಿಷನ್ ಆರಂಭವಾದ ನಂತರ ಗ್ರಾಮೀಣ ಪ್ರದೇಶದ ಮನೆಗಳಲ್ಲಿಯೂ ಸಾರ್ವಜನಿಕ ಕಟ್ಟಡಗಳಲ್ಲಿಯೂ ಶೌಚಾಲಯಗಳ ಸಂಖ್ಯೆ ಬಹುವಾಗಿ ಹೆಚ್ಚಿದೆ. ಕಟ್ಟಿದ ಶೌಚಾಲಯವನ್ನು ಬಳಕೆಯಲ್ಲಿ ಉಳಿಸಿಕೊಳ್ಳುವುದು ಈಗ ನಮ್ಮೆದುರಿಗಿರುವ ಕೆಲಸ. ಶಾಲೆ, ವಿದ್ಯಾರ್ಥಿನಿಲಯ, ಆಸ್ಪತ್ರೆ ಮತ್ತು ಕಚೇರಿಗಳಲ್ಲಿ ಶೌಚಾಲಯವೊಂದು ಬೀಗ ಹಾಕಿಸಿಕೊಳ್ಳುವುದಕ್ಕೆ ಸಾಮಾನ್ಯವಾಗಿ ಕಂಡುಬರುವ ಕಾರಣಗಳು ಮೂರು: ನೀರು ಸಾಲದಿರುವುದು, ಫ್ಲಶ್ ಮಾಡಿದರೂ ಮಲ ಹೋಗದಿರುವುದು, ಕೊಳವೆ ಕಟ್ಟಿಕೊಳ್ಳುವುದು.

ಈ ಮೂರಕ್ಕೂ ಪರಿಹಾರವೆಂಬಂತೆ ಒತ್ತಡ ನೆರವಿನ ಶೌಚಾಲಯಗಳನ್ನು ಹೊಸ ಕಟ್ಟಡಗಳ ಅಂದಾಜು ಪಟ್ಟಿಯಲ್ಲಿ ಸೇರಿಸಬಹುದೇ ಎಂಬ ಪ್ರಶ್ನೆ ಏಳುವುದು ಸಹಜ. ಅವುಗಳ ಅನುಕೂಲಗಳು ನಿಜವಾದವು. ಆದರೆ ಆ ಅನುಕೂಲಗಳೆಲ್ಲವೂ ಒಂದೇ ಷರತ್ತಿನ ಮೇಲೆ ನಿಂತಿವೆ: ಶೌಚಾಲಯಕ್ಕೆ ಬರುವ ಕೊಳವೆಯಲ್ಲಿ ನೀರಿನ ಒತ್ತಡ ಸಾಕಷ್ಟಿರಬೇಕು, ಮತ್ತು ಅದು ದಿನವಿಡೀ ಇರಬೇಕು. ಈ ಷರತ್ತನ್ನು ಪರೀಕ್ಷಿಸದೆ ಉಪಕರಣವನ್ನು ಕೊಂಡರೆ ಸಾರ್ವಜನಿಕ ಹಣ ವ್ಯರ್ಥವಾಗುವುದು. ಎರಡೂ ಬಗೆಯ ಶೌಚಾಲಯಗಳು ಕೆಲಸ ಮಾಡುವ ರೀತಿ, ಒತ್ತಡ ನೆರವಿನ ಬಗೆಯಿಂದಾಗುವ ಪ್ರಯೋಜನ, ಅದು ಯಾವ ಕಟ್ಟಡಕ್ಕೆ ಹೊಂದುತ್ತದೆ ಮತ್ತು ಯಾವುದಕ್ಕೆ ಹೊಂದುವುದಿಲ್ಲ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ಗುರುತ್ವ ಶೌಚಾಲಯ ಕೆಲಸ ಮಾಡುವ ರೀತಿ

ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಫ್ಲಶ್ ಟ್ಯಾಂಕಿನ ಶೌಚಾಲಯವೇ ಗುರುತ್ವ ಶೌಚಾಲಯ. ಕಮೋಡಿನ ಹಿಂದೆ ಅಥವಾ ಗೋಡೆಯ ಮೇಲೆ ಇರುವ ಟ್ಯಾಂಕಿನಲ್ಲಿ ನೀರು ತುಂಬಿರುತ್ತದೆ. ಗುಂಡಿಯನ್ನು ಒತ್ತಿದಾಗ ಅಥವಾ ಸರಪಳಿಯನ್ನು ಎಳೆದಾಗ ಕೆಳಗಿನ ಬಾಯಿ ತೆರೆದು ನೀರು ತನ್ನ ಭಾರದಿಂದಲೇ ಕೆಳಗೆ ಧುಮುಕುತ್ತದೆ. ಆ ರಭಸವು ಮಲವನ್ನು ಟ್ರ್ಯಾಪಿನ ಬಾಗನ್ನು ದಾಟಿಸಿ ಕೊಳವೆಗೆ ತಳ್ಳುತ್ತದೆ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಈ ಫ್ಲಶ್‌ನ ಬಲವು ಫ್ಲಶ್ ಟ್ಯಾಂಕಿಗೂ ಕಮೋಡಿಗೂ ನಡುವಿನ ಎತ್ತರವನ್ನು ಅವಲಂಬಿಸಿದೆಯೇ ಹೊರತು ಛಾವಣಿಯ ಮೇಲಿನ ಓವರ್‌ಹೆಡ್ ಟ್ಯಾಂಕಿನ ಎತ್ತರವನ್ನಲ್ಲ. ಮೇಲಿನಿಂದ ನೀರು ಸಣ್ಣ ಧಾರೆಯಾಗಿ ಬಂದರೂ ಫ್ಲಶ್ ಟ್ಯಾಂಕು ನಿಧಾನವಾಗಿ ತುಂಬುತ್ತದೆ. ತುಂಬಿದ ಮೇಲೆ ಅದರ ಬಲ ಯಾವಾಗಲೂ ಒಂದೇ. ನೀರು ನಿಂತುಹೋದ ದಿನವೂ ಬಕೆಟ್ಟಿನಿಂದ ಟ್ಯಾಂಕನ್ನು ತುಂಬಿ ಬಳಸಬಹುದು. ಗುರುತ್ವ ಶೌಚಾಲಯ ಇಷ್ಟು ಕಾಲ ಉಳಿದು ಬಂದಿರುವುದಕ್ಕೆ ಈ ಸರಳತೆಯೇ ಕಾರಣ.

ಕಮೋಡಿಗೆ ಅಂಟಿಕೊಂಡಂತಿರುವ ಟ್ಯಾಂಕಿನಲ್ಲಿ ಈ ಎತ್ತರ ಬಹಳ ಕಡಿಮೆ. ಭಾರತೀಯ ಶೈಲಿಯ ಪ್ಯಾನಿಗೆ ಟ್ಯಾಂಕನ್ನು ಗೋಡೆಯ ಮೇಲೆ ಸುಮಾರು ಒಂದೂಕಾಲು ಮೀಟರ್ ಅಥವಾ ಅದಕ್ಕೂ ಹೆಚ್ಚು ಎತ್ತರದಲ್ಲಿ ಅಳವಡಿಸುವುದು ರಭಸವನ್ನು ಹೆಚ್ಚಿಸುವುದಕ್ಕಾಗಿ. ಎತ್ತರ ಕಡಿಮೆಯಾದಲ್ಲಿ ಆ ಕೊರತೆಯನ್ನು ನೀರಿನ ಪ್ರಮಾಣದಿಂದ ತುಂಬಬೇಕಾಗುತ್ತದೆ. ಹಳೆಯ ಟ್ಯಾಂಕುಗಳು ಒಂದು ಬಾರಿಗೆ 10 ಲೀಟರಿನಷ್ಟು ಅಥವಾ ಅದಕ್ಕೂ ಹೆಚ್ಚು ನೀರನ್ನು ಬಿಡುತ್ತಿದ್ದುದಕ್ಕೆ ಇದೂ ಒಂದು ಕಾರಣ.

2. ಒತ್ತಡ ನೆರವಿನ ಶೌಚಾಲಯ ಕೆಲಸ ಮಾಡುವ ರೀತಿ

ಹೊರಗಿನಿಂದ ನೋಡಿದರೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ಪಿಂಗಾಣಿ ಟ್ಯಾಂಕಿನ ಮುಚ್ಚಳವನ್ನು ತೆಗೆದಾಗ ವ್ಯತ್ಯಾಸ ತಿಳಿಯುತ್ತದೆ. ಒಳಗೆ ತೆರೆದ ನೀರಿರುವುದಿಲ್ಲ. ಗಾಳಿಯಾಡದಂತೆ ಮುಚ್ಚಿದ ಇನ್ನೊಂದು ಪಾತ್ರೆಯಿರುತ್ತದೆ. ಸರಬರಾಜು ಕೊಳವೆಯ ನೀರು ಈ ಪಾತ್ರೆಯೊಳಗೆ ಸೇರುತ್ತ ಅಲ್ಲಿರುವ ಗಾಳಿಯನ್ನು ಅದುಮುತ್ತದೆ. ಒಳಗಿನ ಗಾಳಿಯ ಒತ್ತಡ ಕೊಳವೆಯ ಒತ್ತಡಕ್ಕೆ ಸಮವಾದಾಗ ನೀರು ಬರುವುದು ನಿಲ್ಲುತ್ತದೆ. ಗುಂಡಿಯನ್ನು ಒತ್ತಿದಾಗ ಅದುಮಲ್ಪಟ್ಟ ಗಾಳಿ ಹಿಗ್ಗಿ ನೀರನ್ನು ಒಮ್ಮೆಲೇ ಕಮೋಡಿನೊಳಕ್ಕೆ ತಳ್ಳುತ್ತದೆ. ಸೈಕಲ್ ಪಂಪಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಹಿಡಿಯನ್ನು ಅದುಮಿ ಬಿಟ್ಟರೆ ಅದು ಹಿಂದಕ್ಕೆ ಚಿಮ್ಮುವುದನ್ನು ಎಲ್ಲರೂ ಬಲ್ಲರು. ಇಲ್ಲಿಯೂ ಅದೇ ತತ್ತ್ವ.

ಕೆಲವು ಕಚೇರಿ ಮತ್ತು ಆಸ್ಪತ್ರೆಗಳಲ್ಲಿ ಗೋಡೆಯ ಮೇಲೆ ಟ್ಯಾಂಕಿಲ್ಲದೆ ಕೇವಲ ಫ್ಲಶ್ ವಾಲ್ವ್ ಇರುವುದನ್ನು ಕಾಣುತ್ತೇವೆ. ಅದು ಬೇರೆಯ ವ್ಯವಸ್ಥೆ. ಅಲ್ಲಿ ನೀರು ನೇರವಾಗಿ ಕೊಳವೆಯಿಂದಲೇ ಬರಬೇಕಾದ್ದರಿಂದ 32 ಅಥವಾ 40 ಮಿ.ಮೀ. ವ್ಯಾಸದ ದಪ್ಪ ಕೊಳವೆ ಬೇಕಾಗುತ್ತದೆ. ಒತ್ತಡ ನೆರವಿನ ಶೌಚಾಲಯದಲ್ಲಿ ಪಾತ್ರೆಯು ನೀರನ್ನೂ ಬಲವನ್ನೂ ಮುಂಚಿತವಾಗಿ ಕೂಡಿಟ್ಟುಕೊಳ್ಳುವುದರಿಂದ ಸಾಮಾನ್ಯ 15 ಮಿ.ಮೀ. ಸಂಪರ್ಕವೇ ಸಾಕು.

ಈ ವಿಧಾನ ಅಮೆರಿಕದಲ್ಲಿ ವ್ಯಾಪಕವಾಗುವುದಕ್ಕೆ ಅಲ್ಲಿಯ ಕಾನೂನು ಕಾರಣವಾಯಿತು. 1992ರ ಇಂಧನ ನೀತಿ ಕಾಯಿದೆಯು ಹೊಸ ಶೌಚಾಲಯಗಳು ಒಂದು ಫ್ಲಶ್‌ಗೆ 1.6 ಗ್ಯಾಲನ್, ಅಂದರೆ ಸುಮಾರು 6 ಲೀಟರಿಗಿಂತ ಹೆಚ್ಚು ನೀರನ್ನು ಬಳಸಬಾರದೆಂದು ವಿಧಿಸಿತು. ಗೃಹಬಳಕೆಯ ಶೌಚಾಲಯಗಳಿಗೆ ಇದು 1994ರಿಂದ ಜಾರಿಗೆ ಬಂದಿತು. ಹಳೆಯ ವಿನ್ಯಾಸದ ಕಮೋಡುಗಳಲ್ಲಿ ನೀರನ್ನು ಮಾತ್ರ ಕಡಿತಗೊಳಿಸಿದಾಗ ಒಂದು ಫ್ಲಶ್‌ಗೆ ಮಲ ಹೋಗದೆ ಜನರು ಎರಡು ಬಾರಿ ಫ್ಲಶ್ ಮಾಡುವಂತಾಯಿತು. ಕಡಿಮೆ ನೀರಿಗೆ ಹೆಚ್ಚಿನ ರಭಸ ಕೊಡುವ ಒತ್ತಡ ಪಾತ್ರೆಗೆ ಆಗ ಬೇಡಿಕೆ ಬಂದಿತು. ಅಲ್ಲಿಯ ನಗರಗಳಲ್ಲಿ ನೀರು ಇಪ್ಪತ್ತನಾಲ್ಕು ಗಂಟೆಯೂ ಒತ್ತಡದೊಡನೆ ಕೊಳವೆಯಲ್ಲಿ ನಿಂತಿರುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಉಪಕರಣದ ವಿನ್ಯಾಸಕ್ಕೆ ಆ ಪರಿಸ್ಥಿತಿಯೇ ಆಧಾರ.

3. ಗುರುತ್ವ ಶೌಚಾಲಯಕ್ಕಿಂತ ಇರುವ ಅನುಕೂಲಗಳು

(ಅ) ಒಂದೇ ಫ್ಲಶ್‌ಗೆ ಸ್ವಚ್ಛತೆ: ನೀರು ಒತ್ತಡದಿಂದ ನುಗ್ಗುವುದರಿಂದ ಮಲವನ್ನು ಒಮ್ಮೆಲೇ ತಳ್ಳಿಬಿಡುತ್ತದೆ. ಎರಡನೆಯ ಬಾರಿ ಫ್ಲಶ್ ಮಾಡುವ ಅಗತ್ಯ ಕಡಿಮೆಯಾಗುತ್ತದೆ. ಜನಸಂದಣಿಯ ಕಟ್ಟಡಗಳಲ್ಲಿ ಒಬ್ಬರು ಬಳಸಿ ಹೋದ ಶೌಚಾಲಯ ಮತ್ತೊಬ್ಬರಿಗೆ ಬಳಸಲು ಯೋಗ್ಯವಾಗಿ ಉಳಿಯುವುದು ಇದರಿಂದ ಸಾಧ್ಯ.

(ಆ) ನೀರಿನ ಉಳಿತಾಯ: ಒತ್ತಡ ನೆರವಿನ ಶೌಚಾಲಯಗಳು ಒಂದು ಫ್ಲಶ್‌ಗೆ 6 ಲೀಟರಿನಿಂದ ಹಿಡಿದು 4 ಲೀಟರಿಗೂ ತುಸು ಕಡಿಮೆ ನೀರಿನಲ್ಲಿ ಕೆಲಸ ಮಾಡುವ ಮಾದರಿಗಳಲ್ಲಿ ದೊರೆಯುತ್ತವೆ. 10 ಲೀಟರಿನ ಹಳೆಯ ಟ್ಯಾಂಕಿಗೆ ಹೋಲಿಸಿದರೆ 4 ಲೀಟರಿನ ಆಸುಪಾಸಿನ ಮಾದರಿಗಳಲ್ಲಿ ಉಳಿತಾಯ ಅರ್ಧಕ್ಕಿಂತ ಹೆಚ್ಚು.

(ಇ) ಕೊಳವೆಯಲ್ಲಿ ಮುಂದಕ್ಕೆ ಸಾಗಿಸುವ ಶಕ್ತಿ: ಮಲವು ಕಮೋಡಿನಿಂದ ಹೊರಬಿದ್ದರೆ ಕೆಲಸ ಮುಗಿಯಲಿಲ್ಲ; ಅಡ್ಡಕೊಳವೆಯಲ್ಲಿ ಸಾಗಿ ಚೇಂಬರನ್ನು ಮುಟ್ಟಬೇಕು. ಮೊದಲ ತಳ್ಳುವಿಕೆಯ ವೇಗ ಹೆಚ್ಚಿದ್ದಷ್ಟೂ ಅದು ದೂರ ಹೋಗುತ್ತದೆ. ಸಾಲಾಗಿ ಅನೇಕ ಶೌಚಾಲಯಗಳಿದ್ದು ಅಡ್ಡಕೊಳವೆ ಉದ್ದವಾಗಿರುವ ಆಸ್ಪತ್ರೆ ಮತ್ತು ವಿದ್ಯಾರ್ಥಿನಿಲಯಗಳಲ್ಲಿ ಇದು ಮಹತ್ವದ ಅನುಕೂಲ.

(ಈ) ಬಟ್ಟಲಿನಲ್ಲಿ ಹರಡಿದ ನೀರು: ಈ ಬಗೆಯ ಕಮೋಡುಗಳಲ್ಲಿ ನಿಂತ ನೀರಿನ ಮೇಲ್ಮೈ ಸಾಮಾನ್ಯವಾಗಿ ಅಗಲವಾಗಿರುತ್ತದೆ. ಒಣಗಿದ ಪಿಂಗಾಣಿಯ ಮೇಲೆ ಮಲ ಅಂಟಿಕೊಳ್ಳುವುದು ಕಡಿಮೆಯಾಗಿ ಉಜ್ಜಿ ತೊಳೆಯುವ ಶ್ರಮ ಇಳಿಯುತ್ತದೆ.

(ಉ) ಸದ್ದಿಲ್ಲದ ಸೋರಿಕೆ ಕಡಿಮೆ: ಗುರುತ್ವ ಟ್ಯಾಂಕಿನ ತಳದ ರಬ್ಬರ್ ಸವೆದಾಗ ನೀರು ಕಣ್ಣಿಗೆ ಕಾಣದಂತೆ ಕಮೋಡಿಗೆ ಇಳಿಯುತ್ತಲೇ ಇರುತ್ತದೆ. ನಿಮಿಷಕ್ಕೆ ಕೇವಲ 100 ಮಿ.ಲೀ. ಸೋರಿದರೂ ದಿನಕ್ಕೆ 144 ಲೀಟರ್ ವ್ಯರ್ಥವಾಗುತ್ತದೆ. ಜಲ ಜೀವನ್ ಮಿಷನ್ ಅಡಿಯಲ್ಲಿ ಒಬ್ಬ ವ್ಯಕ್ತಿಗೆ ದಿನವೊಂದಕ್ಕೆ ನಿಗದಿಯಾಗಿರುವುದು 55 ಲೀಟರ್. ಅಂದರೆ ಒಂದು ಸೋರುವ ಟ್ಯಾಂಕು ಇಬ್ಬರ ಪಾಲಿಗಿಂತ ಹೆಚ್ಚು ನೀರನ್ನು ಕುಡಿಯುತ್ತದೆ. ಒತ್ತಡ ಪಾತ್ರೆಯಲ್ಲಿ ಈ ರಬ್ಬರ್ ಬಿಲ್ಲೆ ಇರುವುದಿಲ್ಲ. ಅದರ ಸೀಲುಗಳೂ ಕಾಲಕ್ರಮದಲ್ಲಿ ಸವೆಯುತ್ತವೆಯಾದರೂ ಸೋರಿಕೆಯ ಸಂಭವ ಕಡಿಮೆ.

ತಣ್ಣೀರಿನ ಟ್ಯಾಂಕಿನ ಹೊರಮೈ ಬೆವರಿ ನೆಲ ಒದ್ದೆಯಾಗುವುದು ತಪ್ಪುತ್ತದೆ ಎಂಬುದನ್ನೂ ಅನುಕೂಲವೆಂದು ಹೇಳುವುದುಂಟು. ಕೊರೆಯುವ ಚಳಿಯ ದೇಶಗಳಲ್ಲಿ ಅದು ನಿಜ. ನಮ್ಮ ಹವೆಯಲ್ಲಿ ಅದಕ್ಕೆ ಹೆಚ್ಚಿನ ಮಹತ್ವವಿಲ್ಲ.

4. ಒತ್ತಡದ ಲೆಕ್ಕ

ತಯಾರಕರು ಸಾಮಾನ್ಯವಾಗಿ ಕೇಳುವ ಕನಿಷ್ಠ ಒತ್ತಡ ಚದರ ಅಂಗುಲಕ್ಕೆ 20ರಿಂದ 25 ಪೌಂಡ್. ನಮ್ಮ ಇಂಜಿನಿಯರುಗಳು ಬಳಸುವ ಅಳತೆಯಲ್ಲಿ ಅದು ಚದರ ಸೆಂಟಿಮೀಟರಿಗೆ ಸುಮಾರು 1.4ರಿಂದ 1.75 ಕಿ.ಗ್ರಾಂ. ನೀರಿನ ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು 1 ಕಿ.ಗ್ರಾಂ. ಒತ್ತಡ ಬರುತ್ತದೆ. ಹಾಗಾಗಿ ಶೌಚಾಲಯದ ಸಂಪರ್ಕ ಬಿಂದುವಿನಿಂದ 14ರಿಂದ 17.5 ಮೀಟರ್ ಎತ್ತರದಲ್ಲಿ ನೀರು ನಿಂತಿರಬೇಕು. ಕೊಳವೆಯ ಘರ್ಷಣೆಯಿಂದಾಗುವ ನಷ್ಟ ಇದಕ್ಕೆ ಹೊರತು.

ನೆಲ ಅಂತಸ್ತು ಮತ್ತು ಮೇಲೆರಡು ಅಂತಸ್ತುಗಳಿರುವ ವಿದ್ಯಾರ್ಥಿನಿಲಯವೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಪ್ರತಿ ಅಂತಸ್ತಿನ ಎತ್ತರ 3.3 ಮೀಟರ್, ಛಾವಣಿಯಿಂದ ಓವರ್‌ಹೆಡ್ ಟ್ಯಾಂಕಿನ ತಳ 1.5 ಮೀಟರ್ ಮೇಲೆ, ಶೌಚಾಲಯದ ಸಂಪರ್ಕ ನೆಲದಿಂದ 0.3 ಮೀಟರ್ ಎತ್ತರದಲ್ಲಿ ಎಂದಿಟ್ಟುಕೊಂಡರೆ ದೊರೆಯುವ ನೀರಿನ ಎತ್ತರ ಹೀಗಿರುತ್ತದೆ:

ನೆಲ ಅಂತಸ್ತು: 11.1 ಮೀಟರ್ (ಸುಮಾರು 1.1 ಕಿ.ಗ್ರಾಂ.)
ಮೊದಲನೆಯ ಅಂತಸ್ತು: 7.8 ಮೀಟರ್ (ಸುಮಾರು 0.8 ಕಿ.ಗ್ರಾಂ.)
ಎರಡನೆಯ ಅಂತಸ್ತು: 4.5 ಮೀಟರ್ (ಸುಮಾರು 0.45 ಕಿ.ಗ್ರಾಂ.)

ಮೂರು ಅಂತಸ್ತಿನ ಈ ಕಟ್ಟಡದ ಯಾವ ಅಂತಸ್ತಿನಲ್ಲಿಯೂ ಕನಿಷ್ಠ ಒತ್ತಡ ದೊರೆಯುವುದಿಲ್ಲ. ಮೇಲಿನ ಅಂತಸ್ತಿಗೆ ಹೋದಂತೆ ಕೊರತೆ ಹೆಚ್ಚುತ್ತದೆ. ಒಂದೇ ಅಂತಸ್ತಿನ ಶಾಲೆಯಲ್ಲಿ ಛಾವಣಿಯ ಮೇಲಿಟ್ಟ ಸಿಂಟೆಕ್ಸ್ ಟ್ಯಾಂಕಿನಿಂದ ಬರುವುದು ಬಹುತೇಕ 3ರಿಂದ 4 ಮೀಟರ್ ಮಾತ್ರ. ಗ್ರಾಮದ ನೀರು ಸರಬರಾಜು ಟ್ಯಾಂಕು 12ರಿಂದ 15 ಮೀಟರ್ ಎತ್ತರದ ಕಂಬಗಳ ಮೇಲಿದ್ದರೂ ಕೊಳವೆಯ ನಷ್ಟವನ್ನು ಕಳೆದರೆ ಒತ್ತಡ ಸಾಲುವುದಿಲ್ಲ. ಅಲ್ಲದೆ ಆ ನೀರು ನಿಗದಿತ ಗಂಟೆಗಳಲ್ಲಿ ಮಾತ್ರ ಬರುವುದು ಸಾಮಾನ್ಯ.

ಒತ್ತಡ ಸಾಲದಿದ್ದಾಗ ಆಗುವುದೇನು? ಪಾತ್ರೆಯಲ್ಲಿ 10 ಭಾಗ ಗಾಳಿಯಿದೆ ಎಂದುಕೊಳ್ಳೋಣ. ಕೊಳವೆಯ ಒತ್ತಡ 1.75 ಕಿ.ಗ್ರಾಂ. ಇದ್ದರೆ ಗಾಳಿ ಸುಮಾರು 4 ಭಾಗಕ್ಕೆ ಕುಗ್ಗಿ 6 ಭಾಗ ನೀರಿಗೆ ಜಾಗ ಬಿಡುತ್ತದೆ. ಒತ್ತಡ ಕೇವಲ 0.3 ಕಿ.ಗ್ರಾಂ. ಇದ್ದರೆ ಗಾಳಿ 8 ಭಾಗದಷ್ಟು ಹಾಗೆಯೇ ಉಳಿದು ಒಳಬರುವ ನೀರು 2 ಭಾಗವಷ್ಟೇ. ನೀರೂ ಕಡಿಮೆ, ತಳ್ಳುವ ಬಲವೂ ಕಡಿಮೆ. ಅಂತಹ ಸ್ಥಿತಿಯಲ್ಲಿ ದುಬಾರಿ ಬೆಲೆಯ ಒತ್ತಡ ಪಾತ್ರೆಗಿಂತ ಸಾಮಾನ್ಯ ಫ್ಲಶ್ ಟ್ಯಾಂಕೇ ಉತ್ತಮವಾಗಿ ಕೆಲಸ ಮಾಡುತ್ತದೆ.

ಒತ್ತಡದ ಕೊರತೆಯನ್ನು ನೀಗಿಸಲು ಒತ್ತಡ ಹೆಚ್ಚಿಸುವ ಪಂಪನ್ನು ಅಳವಡಿಸಬಹುದು. ಆಗ ಪಂಪಿನ ಬೆಲೆಯ ಜೊತೆಗೆ ವಿದ್ಯುತ್ ವೆಚ್ಚ, ವಿದ್ಯುತ್ ಹೋದಾಗ ಜನರೇಟರ್ ಮತ್ತು ವಾರ್ಷಿಕ ನಿರ್ವಹಣೆಯೂ ಅಂದಾಜಿನಲ್ಲಿ ಸೇರಬೇಕು. ಹಳೆಯ ಕಟ್ಟಡದ ಕೊಳವೆಗಳಲ್ಲಿ ಒತ್ತಡ ಒಮ್ಮೆಲೇ ಹೆಚ್ಚಿದರೆ ಸಡಿಲವಾದ ಜೋಡಣೆಗಳೂ ನಲ್ಲಿಗಳೂ ಸೋರಲಾರಂಭಿಸುತ್ತವೆ. ಮತ್ತೊಂದು ತುದಿಯಲ್ಲಿ, ಒತ್ತಡ 5.6 ಕಿ.ಗ್ರಾಂ. ಮೀರುವ ಕಡೆ ಅದನ್ನು ತಗ್ಗಿಸುವ ವಾಲ್ವ್ ಕಡ್ಡಾಯವಾಗಿ ಇರಬೇಕು.

5. ನೀರಿನ ಉಳಿತಾಯದ ನಿಜವಾದ ಹೋಲಿಕೆ

ಉಳಿತಾಯವನ್ನು ಹಳೆಯ 10 ಲೀಟರಿನ ಟ್ಯಾಂಕಿನೊಡನೆ ಹೋಲಿಸಿದರೆ ಸಾಲದು. ಇಂದು ಮಾರುಕಟ್ಟೆಯಲ್ಲಿ ದೊರೆಯುವ ಎರಡು ಗುಂಡಿಗಳ ಗುರುತ್ವ ಟ್ಯಾಂಕಿನೊಡನೆಯೂ ಹೋಲಿಸಬೇಕು. ಮಲಕ್ಕೆ ಪೂರ್ಣ, ಮೂತ್ರಕ್ಕೆ ಅರ್ಧ ಎಂಬ ಈ ವಿನ್ಯಾಸವು ಆಸ್ಟ್ರೇಲಿಯಾದಲ್ಲಿ 1980ರಲ್ಲಿ ಬಳಕೆಗೆ ಬಂದು ಜಗತ್ತಿನಾದ್ಯಂತ ಹರಡಿತು.

150 ವಿದ್ಯಾರ್ಥಿಗಳ ನಿಲಯದಲ್ಲಿ ಒಬ್ಬರು ದಿನಕ್ಕೆ ನಾಲ್ಕು ಬಾರಿ, ಅವುಗಳಲ್ಲಿ ಒಂದು ಬಾರಿ ಮಲವಿಸರ್ಜನೆಗೆ, ಫ್ಲಶ್ ಮಾಡುತ್ತಾರೆಂದು ಇಟ್ಟುಕೊಂಡರೆ ದಿನದ ಬಳಕೆ ಹೀಗಾಗುತ್ತದೆ:

10 ಲೀಟರಿನ ಹಳೆಯ ಗುರುತ್ವ ಟ್ಯಾಂಕು: 6,000 ಲೀಟರ್
6 ಲೀಟರಿನ ಒಂದೇ ಗುಂಡಿಯ ಗುರುತ್ವ ಟ್ಯಾಂಕು: 3,600 ಲೀಟರ್
3.8 ಲೀಟರಿನ ಒತ್ತಡ ನೆರವಿನ ಶೌಚಾಲಯ: 2,280 ಲೀಟರ್
6 ಮತ್ತು 3 ಲೀಟರಿನ ಎರಡು ಗುಂಡಿಗಳ ಗುರುತ್ವ ಟ್ಯಾಂಕು: 2,250 ಲೀಟರ್

ಕೊನೆಯ ಎರಡರ ನಡುವೆ ಗಣನೀಯ ವ್ಯತ್ಯಾಸವಿಲ್ಲ. ಎರಡು ಗುಂಡಿಗಳ ಟ್ಯಾಂಕಿನಲ್ಲಿ ಬಳಸುವವರು ಸರಿಯಾದ ಗುಂಡಿಯನ್ನು ಒತ್ತಬೇಕು ಎಂಬ ಅವಲಂಬನೆಯಿದೆ. ಗುಂಡಿಗಳ ಬಳಕೆಯನ್ನು ಚಿತ್ರದ ಮೂಲಕ ತೋರಿಸುವ ಫಲಕವನ್ನು ಹಾಕಿ ಇದನ್ನು ಬಹುಮಟ್ಟಿಗೆ ಸರಿಪಡಿಸಬಹುದು. ಆದ್ದರಿಂದ ನೀರಿನ ಉಳಿತಾಯವೊಂದನ್ನೇ ಕಾರಣವಾಗಿ ತೋರಿಸಿ ಒತ್ತಡ ನೆರವಿನ ಶೌಚಾಲಯವನ್ನು ಪ್ರಸ್ತಾಪಿಸುವುದು ಸಮರ್ಥನೀಯವಲ್ಲ. ಅದರ ನಿಜವಾದ ಹೆಚ್ಚುಗಾರಿಕೆ ಇರುವುದು ರಭಸದಲ್ಲಿ, ಕೊಳವೆ ಕಟ್ಟದಂತೆ ನೋಡಿಕೊಳ್ಳುವುದರಲ್ಲಿ.

ಈ ಹೆಚ್ಚುಗಾರಿಕೆಯೂ ಮೊದಲಿನಷ್ಟು ದೊಡ್ಡದಾಗಿ ಉಳಿದಿಲ್ಲ. ಉತ್ತರ ಅಮೆರಿಕದಲ್ಲಿ 2003ರಿಂದ ಸೋಯಾ ಹಿಟ್ಟಿನ ಮುದ್ದೆಗಳನ್ನು ಬಳಸಿ, ಒಂದು ಫ್ಲಶ್‌ಗೆ ಎಷ್ಟು ಗ್ರಾಂ ಹೋಗುತ್ತದೆ ಎಂದು ಅಳೆಯುವ ಪರೀಕ್ಷೆ ರೂಢಿಗೆ ಬಂದಿತು. ಅಮೆರಿಕದ ನೀರಿನ ಮಿತವ್ಯಯ ಪ್ರಮಾಣಪತ್ರ ಪಡೆಯಲು 4.8 ಲೀಟರಿನಲ್ಲಿ ಕನಿಷ್ಠ 350 ಗ್ರಾಂ ಹೋಗಬೇಕು. ಸುಧಾರಿತ ವಿನ್ಯಾಸದ ಅನೇಕ ಗುರುತ್ವ ಶೌಚಾಲಯಗಳು ಇಂದು ಈ ಮಟ್ಟವನ್ನು ಸುಲಭವಾಗಿ ದಾಟುತ್ತವೆ.

6. ಅಳವಡಿಸುವ ಮುನ್ನ ತಿಳಿದಿರಬೇಕಾದ ಇತರ ಅಂಶಗಳು

ಕಮೋಡ್ ಮತ್ತು ಒತ್ತಡ ಪಾತ್ರೆ ಒಂದಕ್ಕೊಂದು ಹೊಂದುವಂತೆ ರೂಪಿಸಿದ ಜೋಡಿ. ಈಗಿರುವ ಕಮೋಡಿನ ಟ್ಯಾಂಕಿನೊಳಗೆ ಪಾತ್ರೆಯನ್ನು ಮಾತ್ರ ಕೂರಿಸಲಾಗದು. ಭಾರತೀಯ ಶೈಲಿಯ ಪ್ಯಾನಿಗೆ ಇದು ಅನ್ವಯಿಸುವುದಿಲ್ಲ. ನಮ್ಮ ಶಾಲೆಗಳ ಬಹುಪಾಲು ಶೌಚಾಲಯಗಳು ಭಾರತೀಯ ಶೈಲಿಯವು ಎಂಬುದನ್ನು ನೆನಪಿಡಬೇಕು.

ಫ್ಲಶ್ ಮಾಡುವಾಗ ಗಟ್ಟಿಯಾದ ಸದ್ದು ಬರುತ್ತದೆ. ರಾತ್ರಿಯ ಹೊತ್ತು ಆಸ್ಪತ್ರೆಯ ವಾರ್ಡಿನ ಗೋಡೆಗೆ ಹೊಂದಿಕೊಂಡ ಶೌಚಾಲಯದಲ್ಲಿ ಇದು ರೋಗಿಗಳಿಗೆ ತೊಂದರೆಯಾಗಬಹುದು.

ಕೊಳವೆಬಾವಿಯ ಗಡಸು ನೀರಿರುವ ಕಡೆ ಸುಣ್ಣದ ಪದರ ಕಟ್ಟಿ ಪಾತ್ರೆಯ ಸಣ್ಣ ದಾರಿಗಳು ಮುಚ್ಚಿಕೊಳ್ಳಬಹುದು. ಸಂಪರ್ಕ ಕೊಳವೆಗೆ ಜಾಲರಿ ಹಾಕಿ ನಿಯಮಿತವಾಗಿ ಶುಚಿಗೊಳಿಸುವುದು ಅವಶ್ಯ. ಬಿಡಿಭಾಗಗಳು ತಾಲ್ಲೂಕು ಕೇಂದ್ರದಲ್ಲಿಯಾದರೂ ದೊರೆಯುತ್ತವೆಯೇ ಎಂಬುದನ್ನು ಟೆಂಡರಿಗೆ ಮುಂಚೆ ಖಚಿತಪಡಿಸಿಕೊಳ್ಳಬೇಕು. ಗುರುತ್ವ ಟ್ಯಾಂಕಿನ ರಬ್ಬರ್ ಹೋದರೆ ಊರಿನ ಪ್ಲಂಬರ್ ಅರ್ಧ ಗಂಟೆಯಲ್ಲಿ ಬದಲಾಯಿಸಬಲ್ಲರು. ಒತ್ತಡ ಪಾತ್ರೆಯ ಬಿಡಿಭಾಗಕ್ಕಾಗಿ ವಾರಗಟ್ಟಲೆ ಕಾಯಬೇಕಾದರೆ ಅಷ್ಟು ದಿನವೂ ಆ ಶೌಚಾಲಯಕ್ಕೆ ಬೀಗವೇ ಗತಿ.

ಸುರಕ್ಷತೆಯ ವಿಷಯ ಎಲ್ಲಕ್ಕಿಂತ ಮುಖ್ಯವಾದದ್ದು. ಪಾತ್ರೆಯೊಳಗೆ ಸದಾ ಒತ್ತಡವಿರುತ್ತದೆ. 2012ರಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಒಂದು ಮಾದರಿಯ ಸುಮಾರು 23 ಲಕ್ಷ ಒತ್ತಡ ಪಾತ್ರೆಗಳನ್ನು ಹಿಂಪಡೆಯುವ ಪ್ರಕಟಣೆ ಹೊರಡಿಸಿತು. ಪಾತ್ರೆಯ ಬೆಸುಗೆಯ ಬಳಿ ಬಿರುಕು ಬಿಟ್ಟು ಒತ್ತಡ ಒಮ್ಮೆಲೇ ಹೊರನುಗ್ಗಿ ಪಿಂಗಾಣಿ ಟ್ಯಾಂಕು ಒಡೆದು ಜನರಿಗೆ ಗಾಯಗಳಾಗಿದ್ದುದು ಅದಕ್ಕೆ ಕಾರಣ. ಆದ್ದರಿಂದ ದುರಸ್ತಿಗೆ ಮೊದಲು ನೀರಿನ ವಾಲ್ವನ್ನು ಮುಚ್ಚಿ, ಒಮ್ಮೆ ಫ್ಲಶ್ ಮಾಡಿ ಒಳಗಿನ ಒತ್ತಡವನ್ನು ಪೂರ್ಣವಾಗಿ ಬಿಡುಗಡೆ ಮಾಡಿದ ಮೇಲೆಯೇ ಯಾವುದೇ ಭಾಗವನ್ನು ಸಡಿಲಿಸತಕ್ಕದ್ದು. ತರಬೇತಿಯಿಲ್ಲದ ಸಿಬ್ಬಂದಿಯಿಂದ ಈ ಕೆಲಸ ಮಾಡಿಸಬಾರದು.

7. ಕಟ್ಟಿಕೊಂಡ ಕೊಳವೆ ಮತ್ತು ನಮ್ಮ ಹೊಣೆ

ಕೊಳವೆ ಕಟ್ಟಿಕೊಳ್ಳುವುದನ್ನು ಕೇವಲ ತಾಂತ್ರಿಕ ತೊಂದರೆಯೆಂದು ಕಾಣಲಾಗದು. ಕಟ್ಟಿಕೊಂಡಾಗ ಅದನ್ನು ಬಿಡಿಸಲು ಯಾರನ್ನೋ ಕರೆಯಲಾಗುತ್ತದೆ. ಆ ವ್ಯಕ್ತಿ ಚೇಂಬರಿನೊಳಗೆ ಕೈಹಾಕುವ ಅಥವಾ ಸೆಪ್ಟಿಕ್ ಟ್ಯಾಂಕಿಗೆ ಇಳಿಯುವ ಸ್ಥಿತಿಯನ್ನು ತಂದೊಡ್ಡುವುದು ಅಮಾನವೀಯವೂ ಕಾನೂನುಬಾಹಿರವೂ ಆಗಿದೆ. ಮ್ಯಾನ್ಯುಯಲ್ ಸ್ಕ್ಯಾವೆಂಜರ್‌ಗಳ ನೇಮಕ ನಿಷೇಧ ಮತ್ತು ಅವರ ಪುನರ್ವಸತಿ ಅಧಿನಿಯಮ, 2013ರನ್ವಯ ಮಲವನ್ನು ಕೈಯಿಂದ ತೆಗೆಸುವುದಕ್ಕಾಗಲಿ, ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕುಗಳನ್ನು ಶುಚಿಗೊಳಿಸುವ ಅಪಾಯಕಾರಿ ಕೆಲಸಕ್ಕಾಗಲಿ ಯಾರನ್ನೂ ತೊಡಗಿಸುವಂತಿಲ್ಲ. ಶೌಚಾಲಯದ ಆಯ್ಕೆ ಮಾಡುವ ಇಂಜಿನಿಯರ್ ತನ್ನ ಮೇಜಿನ ಮೇಲೆ ಕೈಗೊಳ್ಳುವ ತೀರ್ಮಾನದ ಫಲವನ್ನು ಕೊನೆಗೆ ಅನುಭವಿಸುವವರು ಸ್ವಚ್ಛತಾ ಕೆಲಸಗಾರರು.

ಕೊಳವೆ ಕಟ್ಟಿಕೊಳ್ಳಲು ಫ್ಲಶ್‌ನ ದೌರ್ಬಲ್ಯವೊಂದೇ ಕಾರಣವೆಂದು ತಿಳಿಯಬಾರದು. 100 ಮಿ.ಮೀ. ಕೊಳವೆಗೆ ಪ್ರತಿ ಮೀಟರಿಗೆ ಸುಮಾರು 15ರಿಂದ 20 ಮಿ.ಮೀ. ಇಳಿಜಾರು ಬೇಕು. ಇಳಿಜಾರಿಲ್ಲದ ಕೊಳವೆ, ಒಂದರ ಹಿಂದೊಂದು ಚೂಪಾದ ಬಾಗುಗಳು, ಚೇಂಬರಿನಲ್ಲಿ ಉಳಿದ ಸಿಮೆಂಟು, ಎಸೆದ ಬಟ್ಟೆ ಮತ್ತು ಸ್ಯಾನಿಟರಿ ಪ್ಯಾಡುಗಳು, ಇವು ಯಾವ ಬಗೆಯ ಶೌಚಾಲಯವನ್ನಾದರೂ ಕಟ್ಟಿಬಿಡುತ್ತವೆ. ಹೆಣ್ಣುಮಕ್ಕಳ ಶೌಚಾಲಯದಲ್ಲಿ ಮುಚ್ಚಳವಿರುವ ಕಸದ ಬುಟ್ಟಿಯನ್ನಿಟ್ಟು ಅದನ್ನು ಪ್ರತಿದಿನ ತೆರವುಗೊಳಿಸುವ ವ್ಯವಸ್ಥೆ ಮಾಡಿದರೆ, ಅತ್ಯಂತ ದುಬಾರಿ ಉಪಕರಣ ತಡೆಯಲಾಗದ ತೊಂದರೆಯನ್ನೂ ತಡೆದಂತಾಗುತ್ತದೆ.

8. ಯಾವ ಕಟ್ಟಡಕ್ಕೆ ಯಾವುದು

ಬಹುಮಹಡಿ ಆಸ್ಪತ್ರೆ, ದೊಡ್ಡ ಆಡಳಿತ ಭವನ, ತರಬೇತಿ ಕೇಂದ್ರ ಮುಂತಾಗಿ ಒತ್ತಡ ಪಂಪಿನ ನೀರು ಸರಬರಾಜು ಮತ್ತು ಜನರೇಟರ್ ಈಗಾಗಲೇ ಇದ್ದು, ಯುರೋಪಿಯನ್ ಕಮೋಡುಗಳು ಹೆಚ್ಚು ಬಳಕೆಯಾಗುವ ಕಟ್ಟಡಗಳಲ್ಲಿ ಒತ್ತಡ ನೆರವಿನ ಶೌಚಾಲಯಗಳನ್ನು ಪರಿಗಣಿಸಬಹುದು. ಅಡ್ಡಕೊಳವೆ ಉದ್ದವಾಗಿದ್ದು ನಿರ್ವಹಣಾ ಸಿಬ್ಬಂದಿ ಕಾಯಂ ಆಗಿರುವ ಕಡೆ ಅವುಗಳ ಪೂರ್ಣ ಪ್ರಯೋಜನ ದೊರೆಯುತ್ತದೆ.

ಓವರ್‌ಹೆಡ್ ಟ್ಯಾಂಕಿನಿಂದ ಮಾತ್ರ ನೀರು ಪಡೆಯುವ ವಿದ್ಯಾರ್ಥಿನಿಲಯ, ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಗ್ರಾಮ ಪಂಚಾಯಿತಿ ಕಚೇರಿಗಳಿಗೆ ಎರಡು ಗುಂಡಿಗಳ ಗುರುತ್ವ ಟ್ಯಾಂಕು ಸೂಕ್ತ. ವಿಕಲಚೇತನರಿಗಾಗಿ ನಿರ್ಮಿಸುವ ಕಮೋಡಿನ ಶೌಚಾಲಯಕ್ಕೂ ಇದೇ ಅನ್ವಯಿಸುತ್ತದೆ. ಗುಂಡಿಯು ಕುಳಿತಲ್ಲಿಂದಲೇ ಕೈಗೆಟುಕುವಂತಿರಬೇಕು.

ನೀರಿನ ಕೊರತೆಯಿರುವ ಗ್ರಾಮೀಣ ಶಾಲೆ ಮತ್ತು ಅಂಗನವಾಡಿಗಳಿಗೆ ಕಡಿದಾದ ಇಳಿಜಾರಿನ ಗ್ರಾಮೀಣ ಪ್ಯಾನ್ ಇಂದಿಗೂ ಸರಿಸಾಟಿಯಿಲ್ಲದ್ದು. ಅದರ ತಳದ ಇಳಿಜಾರು 25ರಿಂದ 28 ಡಿಗ್ರಿ. ಟ್ರ್ಯಾಪಿನಲ್ಲಿ ನಿಲ್ಲುವ ನೀರಿನ ತಡೆ 20 ಮಿ.ಮೀ. ಮಾತ್ರ. ಆದ್ದರಿಂದ ಒಂದೂವರೆಯಿಂದ ಎರಡು ಲೀಟರ್ ನೀರನ್ನು ಕೈಯಿಂದ ಸುರಿದರೆ ಸಾಕು. ಪಂಪೂ ಬೇಡ, ವಿದ್ಯುತ್ತೂ ಬೇಡ.

9. ಅಂದಾಜು ಪಟ್ಟಿ ತಯಾರಿಸುವ ಮುನ್ನ ಅನುಸರಿಸಬೇಕಾದ ಕ್ರಮ

(1) ಶೌಚಾಲಯದ ಸಂಪರ್ಕ ಬಿಂದುವಿನಲ್ಲಿ ಒತ್ತಡ ಅಳೆಯುವ ಗೇಜನ್ನು ಜೋಡಿಸಿ, ಅದೇ ಕೊಳವೆಯ ಇತರ ಎರಡು ನಲ್ಲಿಗಳನ್ನು ತೆರೆದಿಟ್ಟು ಅಳೆಯುವುದು. ಬೆಳಗಿನ ಹೆಚ್ಚಿನ ಬಳಕೆಯ ವೇಳೆ, ಮಧ್ಯಾಹ್ನ ಮತ್ತು ಸಂಜೆ ಮೂರು ಬಾರಿ ದಾಖಲಿಸುವುದು. ಮೇಲಿನ ಅಂತಸ್ತಿನ ಅಳತೆಯನ್ನೇ ಆಧಾರವಾಗಿ ಪರಿಗಣಿಸುವುದು.

(2) ಗೇಜು ಲಭ್ಯವಿಲ್ಲದಿದ್ದಲ್ಲಿ ಓವರ್‌ಹೆಡ್ ಟ್ಯಾಂಕಿನ ತಳದಿಂದ ಸಂಪರ್ಕ ಬಿಂದುವಿನವರೆಗಿನ ಎತ್ತರವನ್ನು ಟೇಪಿನಿಂದ ಅಳೆಯುವುದು. 14 ಮೀಟರಿಗಿಂತ ಕಡಿಮೆಯಿದ್ದು ಪಂಪಿನ ವ್ಯವಸ್ಥೆಯೂ ಇಲ್ಲದಿದ್ದರೆ ಒತ್ತಡ ನೆರವಿನ ಶೌಚಾಲಯದ ಪ್ರಸ್ತಾವನೆಯನ್ನು ಕೈಬಿಡುವುದು.

(3) ಈಗಿರುವ ಕಟ್ಟಡವಾದರೆ, ಹೊಸ ಉಪಕರಣಕ್ಕೆ ಮುಂಚೆ ಕೊಳವೆಗಳ ಇಳಿಜಾರು, ಚೇಂಬರು ಮತ್ತು ಗಾಳಿಕೊಳವೆಗಳನ್ನು ಪರಿಶೀಲಿಸಿ ದೋಷಗಳನ್ನು ಸರಿಪಡಿಸುವುದು.

(4) ಈಗಿರುವ ಟ್ಯಾಂಕುಗಳಲ್ಲಿ ಸೋರಿಕೆಯಿದೆಯೇ ಎಂದು ನೋಡಲು ಬಟ್ಟೆಗೆ ಹಾಕುವ ನೀಲಿಯನ್ನು ಫ್ಲಶ್ ಟ್ಯಾಂಕಿಗೆ ಬೆರೆಸಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡುವುದು. ಕಮೋಡಿನ ನೀರು ನೀಲಿಯಾದರೆ ರಬ್ಬರನ್ನು ಬದಲಾಯಿಸುವುದು. ಸ್ವಲ್ಪ ವೆಚ್ಚದಲ್ಲಿ ಅತಿ ಹೆಚ್ಚು ನೀರನ್ನು ಉಳಿಸುವ ಕ್ರಮವಿದು.

(5) ಒತ್ತಡ ನೆರವಿನ ಶೌಚಾಲಯವನ್ನು ಪ್ರಸ್ತಾಪಿಸುವುದಾದರೆ ಪಂಪು, ವಿದ್ಯುತ್, ಬಿಡಿಭಾಗ ಮತ್ತು ಐದು ವರ್ಷಗಳ ನಿರ್ವಹಣೆಯ ವೆಚ್ಚವನ್ನು ಸೇರಿಸಿ ಎರಡು ಗುಂಡಿಗಳ ಗುರುತ್ವ ಟ್ಯಾಂಕಿನ ವೆಚ್ಚದೊಡನೆ ಹೋಲಿಕೆಯ ಪಟ್ಟಿಯನ್ನು ಲಗತ್ತಿಸುವುದು.

(6) ಒಂದೇ ಕಟ್ಟಡದಲ್ಲಿ ಮೊದಲು ಒಂದೆರಡನ್ನು ಮಾತ್ರ ಅಳವಡಿಸಿ, ಒಂದು ಬೇಸಿಗೆ ಕಳೆಯುವವರೆಗೆ ಅವುಗಳ ಕೆಲಸವನ್ನು ಗಮನಿಸಿದ ನಂತರ ಉಳಿದವುಗಳಿಗೆ ಅನುಮೋದನೆ ಪಡೆಯುವುದು.

ಮುಕ್ತಾಯ

ಒತ್ತಡ ನೆರವಿನ ಶೌಚಾಲಯವು ತನಗೆ ಬೇಕಾದ ಒತ್ತಡ ಸಿಕ್ಕಲ್ಲಿ ಗುರುತ್ವ ಶೌಚಾಲಯಕ್ಕಿಂತ ಚೊಕ್ಕವಾಗಿಯೂ ರಭಸವಾಗಿಯೂ ಕೆಲಸ ಮಾಡುವ ಉತ್ತಮ ಸಾಧನ. ಅದಿಲ್ಲದ ಕಡೆ ಸರಳವಾದ ಗುರುತ್ವ ಟ್ಯಾಂಕೇ ಜನರಿಗೆ ಹೆಚ್ಚು ಕಾಲ ಸೇವೆ ಸಲ್ಲಿಸುತ್ತದೆ. ಉಪಕರಣದ ಹೊಸತನಕ್ಕಿಂತ ಆ ಕಟ್ಟಡದ ನೀರು, ವಿದ್ಯುತ್ ಮತ್ತು ನಿರ್ವಹಣೆಯ ವಾಸ್ತವ ಸ್ಥಿತಿಯನ್ನು ನೋಡಿ ಆಯ್ಕೆ ಮಾಡುವುದು ವಿವೇಕ.

ಈ ಲೇಖನದಲ್ಲಿನ ಅಂಶಗಳನ್ನು ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿಯೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿಯೂ ಓದಿ ಚರ್ಚಿಸಲು, ಶೌಚಾಲಯಗಳ ನಿರ್ಮಾಣ ಅಥವಾ ನವೀಕರಣವನ್ನು ಒಳಗೊಂಡ ಕ್ರಿಯಾ ಯೋಜನೆಗಳಲ್ಲಿ ಒತ್ತಡದ ಅಳತೆಯ ದಾಖಲೆಯನ್ನು ಅಂದಾಜು ಪಟ್ಟಿಯೊಡನೆ ಲಗತ್ತಿಸಲು ಸಂಬಂಧಿಸಿದ ಎಲ್ಲ ಅಧಿಕಾರಿಗಳನ್ನು ಕೋರಲಾಗಿದೆ.